ಚೆನಾಬ್ ಸೇತುವೆ ನಿರ್ಮಾಣದಲ್ಲಿ ಗಣಕೀಕೃತ ಮಾದರಿಯ ಬಳಕೆ

ಜಮ್ಮು ಮತ್ತು ಕಾಶ್ಮೀರದ ಚೆನಾಬ್ ನದಿಗೆ ನಿರ್ಮಿಸಲಾದ, ನದೀಪಾತ್ರದಿಂದ 359 ಮೀಟರ್ ಎತ್ತರದ ರೈಲ್ವೆ ಸೇತುವೆಯು 2025ರ ಜೂನ್ 6ರಂದು ಲೋಕಾರ್ಪಣೆಗೊಂಡಿತು. ಇದರ ಉಕ್ಕಿನ ಭಾಗಗಳ ವಿವರ ನಕ್ಷೆಗಳಿಗೆ ‘ಟೆಕ್ಲಾ’ ತಂತ್ರಾಂಶವನ್ನು ಬಳಸಲಾಗಿತ್ತು. ಇಂತಹ ಮೂರು ಆಯಾಮದ ಮಾದರಿಯಲ್ಲಿ ಪ್ರತಿಯೊಂದು ಫಲಕ, ಬೋಲ್ಟ್ ಹಾಗೂ ರಂಧ್ರದ ಅಳತೆ ದಾಖಲಾಗಿರುತ್ತದೆ. ಕಾರ್ಯಾಗಾರದ ಯಂತ್ರಗಳಿಗೆ ಬೇಕಾದ ಮಾಹಿತಿಯನ್ನೂ ಅದರಿಂದಲೇ ಪಡೆಯಬಹುದು. ಸ್ಥಾನ ತಪ್ಪಿದ ರಂಧ್ರವನ್ನು ಗಣಕದ ಪರದೆಯ ಮೇಲೆ ತಿದ್ದುವುದು ಕ್ಷಣದ ಕೆಲಸ. 2021ರ ಏಪ್ರಿಲ್‌ನಲ್ಲಿ 467 ಮೀಟರ್ ಕಮಾನಿನ ಎರಡು ತೋಳುಗಳನ್ನು ಕಂದರದ ನಡುವೆ ಕೂಡಿಸುವ ಹೊತ್ತಿಗೆ ಅಂತಹ ತಿದ್ದುಪಡಿಗೆ ಅವಕಾಶವೇ ಇರಲಿಲ್ಲವೆನ್ನಬಹುದು.

ಆದರೆ ತಂತ್ರಾಂಶದ ಖರೀದಿಯೊಂದರಿಂದಲೇ ಈ ಪ್ರಯೋಜನ ದೊರೆಯದು. ಗುತ್ತಿಗೆಯಲ್ಲಿ ಕಾಗದದ ನಕ್ಷೆಯೇ ಅಧಿಕೃತವಾಗಿದ್ದಲ್ಲಿ, ಸ್ಥಳದಲ್ಲಿ ಮಾಡಿದ ಬದಲಾವಣೆ ಮಾದರಿಗೆ ಸೇರದೆ ಉಳಿಯುವ ಸಂಭವವೇ ಹೆಚ್ಚು. ಬ್ರಿಟನ್ ಸರ್ಕಾರವು 2016ರ ಏಪ್ರಿಲ್‌ನಿಂದ ತನ್ನ ಕೇಂದ್ರ ಇಲಾಖೆಗಳ ಕಾಮಗಾರಿಗಳಿಗೆ ಇಂತಹ ಮಾದರಿಯನ್ನು ಕಡ್ಡಾಯಗೊಳಿಸಿತು. ಮಾದರಿಯನ್ನು ಪರಿಷ್ಕರಿಸುವ ಹೊಣೆ ಯಾರದು, ಅದರ ವೆಚ್ಚ ಯಾರದು ಎಂಬುದನ್ನು ಟೆಂಡರ್ ದಾಖಲೆಯಲ್ಲಿಯೇ ನಮೂದಿಸುವುದು ಅವಶ್ಯಕ.