ನೀರು ಖಾಲಿ ಸೈಟಲ್ಲ

ದಶಕಗಟ್ಟಲೆ ಕಡೆಗಣಿಸಿ ಪಾಳುಗೆಡವುವುದು, ಆಮೇಲೆ ಪಾಳುಬಿದ್ದಿದೆಯಲ್ಲ ಎಂದು ಮಣ್ಣು ಮುಚ್ಚುವುದು. ಇದಕ್ಕಿಂತ ನಾಚಿಕೆಗೆಟ್ಟ ವಾದ ಇನ್ನೊಂದಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಗೆದ್ದದ್ದು ಈ ವಾದವೇ. ಎವರ್ಟನ್ ಕ್ಲಬ್ಬಿನ ಹೊಸ ಫುಟ್‌ಬಾಲ್ ಕ್ರೀಡಾಂಗಣಕ್ಕಾಗಿ ಮರ್ಸಿ ನದಿದಂಡೆಯ ಬ್ರಾಮ್ಲಿ-ಮೂರ್ ಹಡಗುಕಟ್ಟೆಯೊಳಗೆ, ಐರಿಷ್ ಸಮುದ್ರದ ತಳದಿಂದ ಎತ್ತಿ ತಂದ ಸುಮಾರು 4,80,000 ಘನ ಮೀಟರ್ ಮರಳು ತುಂಬಿದರು.

ಆ ಕಟ್ಟೆ 1848ರದು. ಕಟ್ಟಿಸಿದವನು ಜೆಸ್ಸಿ ಹಾರ್ಟ್ಲಿ. 1824ರಿಂದ 1860ರವರೆಗೆ ಲಿವರ್‌ಪೂಲ್ ಬಂದರು ಅವನ ಕೈಯಲ್ಲೇ ಬೆಳೆಯಿತು. ಸ್ಕಾಟ್ಲೆಂಡಿನಿಂದ ಗ್ರಾನೈಟ್ ತರಿಸಿದ. ಒಂದರಂತೆ ಒಂದಿಲ್ಲದ ಬಂಡೆಗಳನ್ನು ಸಂದಿಗೆ ಸಂದಿ ಕೂಡುವ ಹಾಗೆ ಕಡೆಸಿ ಗೋಡೆ ಎಬ್ಬಿಸಿದ. ಲ್ಯಾಂಕಾಶೈರ್ ಗಣಿಗಳ ಕಲ್ಲಿದ್ದಲು ರೈಲಿನಲ್ಲಿ ಬಂದು ಇಲ್ಲಿ ಹಡಗು ಏರುತ್ತಿತ್ತು. ಕಲ್ಲುಕುಟಿಗರು, ಕೂಲಿಗಳು ಬೆವರು ಸುರಿಸಿದ ಜಾಗ ಇದು.

ಗೋಡೆಗಳೆಲ್ಲ ಮರಳಿನಡಿ ಭದ್ರವಾಗಿವೆ ಎಂದು ಈಗ ಸಮಾಧಾನ ಹೇಳುತ್ತಾರೆ. ಆ ಗೋಡೆ ಎದ್ದದ್ದೇ ನೀರು ಹಿಡಿಯಲು. ನೀರು ತೆಗೆದು, ಕಣ್ಣಿಗೆ ಕಾಣದಂತೆ ಹೂತುಹಾಕಿ, ಉಳಿಸಿದ್ದೇವೆ ಅನ್ನಲು ಬಾಯಾದರೂ ಹೇಗೆ ಬರುತ್ತದೆ?

ಅಭಿಮಾನಿಗಳ ಮೇಲೆ ನನಗೆ ಸಿಟ್ಟಿಲ್ಲ. ಕ್ಲಬ್ಬಿನ 1892ರ ಅಂಗಣ ಗುಡಿಸನ್ ಪಾರ್ಕ್ ಹಳತಾಗಿತ್ತು, ಕಂಬಗಳ ಮರೆಯಲ್ಲಿ ಕತ್ತು ಹೊರಳಿಸಿ ಆಟ ನೋಡಬೇಕಿತ್ತು. ಅವರಿಗೊಂದು ಒಳ್ಳೆಯ ಅಂಗಣ ಬೇಕಿತ್ತು, ಉತ್ತರ ಲಿವರ್‌ಪೂಲ್‌ನ ಬಡವರಿಗೆ ಕೆಲಸವೂ ಬೇಕಿತ್ತು. ಸಿಟ್ಟು ಇರುವುದು, ಆ ಆಸೆಯನ್ನು ಮುಂದಿಟ್ಟುಕೊಂಡು ಇದೊಂದೇ ದಾರಿ ಎಂದು ನಂಬಿಸಿದವರ ಮೇಲೆ; ಕೇಳಬೇಕಾದ ಪ್ರಶ್ನೆ ಕೇಳದೆ ಸಹಿ ಹಾಕಿದವರ ಮೇಲೆ. ಇದೇ ಕ್ಲಬ್ಬು ಹಿಂದೆ ಕರ್ಕ್‌ಬಿಯಲ್ಲಿ ಸೂಪರ್‌ಮಾರ್ಕೆಟ್ ಜೊತೆಗೆ ಅಂಗಣ ಕಟ್ಟಹೊರಟಾಗ ಸರ್ಕಾರ ಸಾರ್ವಜನಿಕ ವಿಚಾರಣೆ ನಡೆಸಿತ್ತು, ಅಕ್ಕಪಕ್ಕದ ಪೇಟೆಗಳ ವ್ಯಾಪಾರ ಕೆಡುತ್ತದೆಂದು 2009ರಲ್ಲಿ ಯೋಜನೆಯನ್ನೇ ತಳ್ಳಿಹಾಕಿತ್ತು. ಬ್ರಾಮ್ಲಿ-ಮೂರ್ ಸರದಿ ಬಂದಾಗ ಪರಂಪರೆಯ ಕಾವಲಿಗೆಂದೇ ಇರುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಆಕ್ಷೇಪ ಎತ್ತಿತು. ಆದರೂ 2021ರ ಫೆಬ್ರುವರಿಯಲ್ಲಿ ನಗರಸಭೆ ಒಪ್ಪಿತು, ಮಾರ್ಚಿನಲ್ಲಿ ಮಂತ್ರಿ ವಿಚಾರಣೆ ಬೇಡವೆಂದರು. ಅಂಗಡಿಗಳಿಗೆ ಸಿಕ್ಕ ವಿಚಾರಣೆ ಈ ನೀರಿಗೆ ಸಿಗಲಿಲ್ಲ.

2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಬಂದರನ್ನು, ದಂಡೆಯ ಕಟ್ಟಡ ಯೋಜನೆಗಳ ಕಾರಣಕ್ಕೆ ಯುನೆಸ್ಕೊ 2012ರಲ್ಲೇ ಅಪಾಯದ ಪಟ್ಟಿಗೆ ಹಾಕಿತ್ತು. ಒಂಬತ್ತು ವರ್ಷ ಎಚ್ಚರಿಸಿತು. 2021ರ ಜುಲೈ 21ರಂದು ಹೆಸರನ್ನೇ ಅಳಿಸಿತು. ಒಮಾನಿನ ಓರಿಕ್ಸ್ ಅಭಯಾರಣ್ಯ, ಜರ್ಮನಿಯ ಡ್ರೆಸ್ಡೆನ್ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಈ ಅವಮಾನ ಕಂಡದ್ದು ಇದೇ. ನಗರವನ್ನು ಆಳುವವರು ತಲೆ ತಗ್ಗಿಸಲಿಲ್ಲ, ಯುನೆಸ್ಕೊವನ್ನೇ ಬೈದರು. ಅದೇ ತಿಂಗಳ ಕೊನೆಗೆ ಕಾಮಗಾರಿ ಶುರುವಾಯಿತು.

ಬೆಂಗಳೂರಿನವರಿಗೆ ಈ ಕಥೆ ಹೊಸದೇನು? ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಎದೆಯ ಮೇಲೆ. ಅದಕ್ಕೆ ಮುಂಚೆ ತಂಡ ಆಡಿದ ಅಶೋಕನಗರದ ಫುಟ್‌ಬಾಲ್ ಮೈದಾನ ಶೂಲೆ ಕೆರೆ. ಹಾಕಿ ಅಂಗಣ ಅಕ್ಕಿತಿಮ್ಮನಹಳ್ಳಿ ಕೆರೆ. ಧರ್ಮಾಂಬುಧಿ ಕೆರೆಯಲ್ಲಿ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿಯ ನೀರು ನಂಬಿ ತೋಟ ಮಾಡಿದ ತಿಗಳರಿಗೆ ಉಳಿದದ್ದು ಕರಗದ ಪೂಜೆಗೆಂದು ಬಿಟ್ಟ ಒಂದು ಚಿಕ್ಕ ಕೊಳ. ಮೊದಲು ಚರಂಡಿ ಬಿಡು, ನಾರಲಿ, ಸೊಳ್ಳೆ ಕಾಟವೆನ್ನು, ಆಮೇಲೆ ಮುಚ್ಚು. ಅದೇ ಪಾಠ, ಅಲ್ಲೂ ಇಲ್ಲೂ.

ಬ್ರಾಮ್ಲಿ-ಮೂರ್ ಬಗಲಿಗೇ ನೆಲ್ಸನ್ ಡಾಕ್ ಇದೆ, ಅದರಾಚೆ ಸಾಲಿಸ್ಬರಿ, ಒಳಗೆ ಕಾಲಿಂಗ್‌ವುಡ್, ಸ್ಟ್ಯಾನ್ಲಿ. ಎಲ್ಲವೂ ಹಾರ್ಟ್ಲಿ ಕಟ್ಟಿಸಿದವು, ಎಲ್ಲವೂ 1848ರವು. ಪಂದ್ಯಕ್ಕೆ ಐವತ್ತು ಸಾವಿರ ಜನ ಬರುತ್ತಾರೆ, ಹೋಟೆಲಿಗೆ, ಕಾರಿಗೆ ಜಾಗ ಕೊಡಿ ಎಂಬ ಬೇಡಿಕೆ ನಾಳೆ ಏಳದೆ ಇರದು. ಅವುಗಳೊಳಗೆ ಒಂದು ಲಾರಿ ಮರಳೂ ಬೀಳಕೂಡದು. ಲಿವರ್‌ಪೂಲ್ ನಗರಸಭೆ ಇದನ್ನು ಈಗಲೇ, ಬರವಣಿಗೆಯಲ್ಲಿ, ಬದ್ಧ ನಿಯಮವಾಗಿ ಕೊಡಬೇಕು.