ಮನೆಯ ಬೈರಿಗೆಯೂ ನಮ್ಮ ಹೆಣ್ಣುಮಕ್ಕಳೂ

ಪಾಲಕ ಮಹಾಶಯರಿಗೂ ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ವಿಷಯವನ್ನು ಬಿನ್ನವಿಸಬಯಸುತ್ತೇವೆ. ಗೋಡೆಗೆ ತೂತು ಕೊರೆಯುವ ವಿದ್ಯುತ್ ಬೈರಿಗೆಯು, ಎಂದರೆ ಜನರು ಬಾಯಿಮಾತಿನಲ್ಲಿ ಡ್ರಿಲ್ಲಿಂಗ್ ಮಷೀನು ಎನ್ನುವ ಉಪಕರಣವು, ಈಗ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಬಂಗಾರಪೇಟೆಯಲ್ಲಿಯೂ ಎಷ್ಟೋ ಮನೆಗಳಲ್ಲಿ ಉಂಟು. ಕೊಂಡುತಂದ ದಿನವೇ ಅದನ್ನು ಮಗನ ಕೈಗೆ ಕೊಡುತ್ತೇವೆ. ಮಗಳಿಗೆ ದೂರ ನಿಲ್ಲೆಂದು ಹೇಳುತ್ತೇವೆ. ಈ ರೂಢಿಯು ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಬೈರಿಗೆಯನ್ನು ನಡೆಯಿಸುವುದನ್ನೂ, ಅದಕ್ಕಿಂತ ಮುಖ್ಯವಾಗಿ ಅದನ್ನು ಜೋಪಾನ ಮಾಡುವುದನ್ನೂ, ಹೆಣ್ಣುಮಕ್ಕಳಿಗೆ ಮನೆಯಲ್ಲಿಯೇ ಕಲಿಸತಕ್ಕದ್ದು.

ನಮ್ಮ ಊರು ಬೈರಿಗೆಯಿಂದಲೇ ಬೆಳೆದ ಊರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಬಂಡೆಯಲ್ಲಿ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಚಾಂಪಿಯನ್ ರೀಫ್ ಗಣಿಯಲ್ಲಿ ನಮ್ಮ ಹಿರಿಯರು ನೆಲದೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಆ ಬೈರಿಗೆಗಳು ಒತ್ತಿದ ಗಾಳಿಯ ಬಲದಿಂದ ನಡೆಯುತ್ತಿದ್ದುವು. ಗಣಿಯ ಯಂತ್ರಗಳಿಗೆ ಬೇಕಾದ ವಿದ್ಯುಚ್ಛಕ್ತಿಯು 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 148 ಕಿಲೋಮೀಟರು ತಂತಿಯ ಮೇಲೆ ನಡೆದು ಇಲ್ಲಿಗೆ ಬಂದಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪವು ಬಂದುದು 1905ರಲ್ಲಿ. ಹೀಗೆ ದೇಶದ ಅನೇಕ ಪಟ್ಟಣಗಳಿಗಿಂತ ಮೊದಲೇ ಯಂತ್ರದ ಪರಿಚಯವುಳ್ಳ ಊರಿನಲ್ಲಿ, ಆ ಪರಿಚಯವು ಮನೆಯ ಅರ್ಧ ಜನಕ್ಕೆ ಮಾತ್ರ ದೊರೆಯಿತು. 1952ರ ಗಣಿ ಕಾಯಿದೆಯು ಸ್ತ್ರೀಯರು ನೆಲದೊಳಗೆ ಕೆಲಸ ಮಾಡುವುದನ್ನು ನಿಷೇಧಿಸಿತು. 2019ರಲ್ಲಿ ಸರಕಾರವು ಕೆಲವು ನಿಬಂಧನೆಗಳಿಗೊಳಪಡಿಸಿ ಆ ನಿಷೇಧವನ್ನು ಸಡಿಲಿಸಿತು. ಅಷ್ಟರಲ್ಲಿ ನಮ್ಮ ಗಣಿಗಳು ಮುಚ್ಚಿ ಹದಿನೆಂಟು ವರ್ಷಗಳಾಗಿದ್ದುವು. 2001ರ ಫೆಬ್ರವರಿ 28ರಂದು ಅವು ನಿಂತುಹೋದುದು ಎಲ್ಲರಿಗೂ ತಿಳಿದಿದೆ. ಕಾಯಿದೆಯು ಸಡಿಲಿದರೂ ಮನೆಯೊಳಗಿನ ನಿಷೇಧವು ಇನ್ನೂ ಸಡಿಲಲಿಲ್ಲವಲ್ಲಾ ಎಂಬುದೇ ನಮ್ಮ ವ್ಯಸನ.

ಇದು ಗಂಡಸರ ಕೆಲಸವೆಂದು ಕೆಲವರು ಆಕ್ಷೇಪಿಸಬಹುದು. ಅಂಥವರು ತಮ್ಮ ಮನೆಯ ಹೊಲಿಗೆಯ ಯಂತ್ರವನ್ನು ಒಮ್ಮೆ ನೋಡಲಿ. ಅದೂ ಉಕ್ಕಿನ ಯಂತ್ರವೇ. ಅದಕ್ಕೂ ಚಕ್ರವುಂಟು, ಚೂಪಾದ ಸೂಜಿಯುಂಟು, ಬೆರಳಿಗೆ ಅಪಾಯವುಂಟು. ಆದರೂ ನಮ್ಮ ತಾಯಂದಿರು ಹಲ್ಲುಗಳ ನಡುವಿನ ನೂಲಿನ ಜುಂಗನ್ನು ತೆಗೆದು, ಎಣ್ಣೆ ಬಿಟ್ಟು, ಮೊಂಡಾದ ಸೂಜಿಯನ್ನು ಬದಲಿಸಿ, ಒಂದೇ ಯಂತ್ರವನ್ನು ಎರಡು ತಲೆಮಾರು ಬಾಳಿಸಿದ್ದಾರೆ. ಗಣಿಗಳು ಮುಚ್ಚಿದ ಮೇಲೆ ಎಷ್ಟೋ ಸಂಸಾರಗಳಿಗೆ ಆ ಯಂತ್ರವು ಆಸರೆಯಾಯಿತು. ಇದನ್ನು ಗಂಡಸರ ಕೆಲಸವೆಂದು ಯಾರೂ ಅನ್ನಲಿಲ್ಲ. ಆ ಕೈಗೆ ಬೈರಿಗೆಯು ಹೊರೆಯಾದೀತೇ?

ಬೈರಿಗೆಯ ಜೋಪಾನದಲ್ಲಿ ಕಲಿಯಬೇಕಾದುದು ಬಹಳವಿಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಹೊರತು ಯಂತ್ರವನ್ನು ಬಿಚ್ಚಕೂಡದು, ಬಿಟ್ಟನ್ನು ಬದಲಿಸಕೂಡದು. ಇದು ಮೊದಲನೆಯ ಪಾಠ. ಎರಡನೆಯದು ಧೂಳಿನ ಪಾಠ. ಯಂತ್ರದ ಪಕ್ಕದಲ್ಲಿರುವ ಸಣ್ಣ ಕಿಂಡಿಗಳ ಮೂಲಕ ಗಾಳಿಯು ಒಳಹೊಕ್ಕು ಮೋಟಾರನ್ನು ತಂಪಾಗಿಡುತ್ತದೆ. ನಮ್ಮ ಸೀಮೆಯ ಕಲ್ಲಿನ ಪುಡಿಯೂ, ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳಿಂದ ಹಾರಿಬರುವ ನುಣುಪಾದ ಧೂಳೂ ಆ ಕಿಂಡಿಗಳಲ್ಲಿ ಕೂತರೆ ಮೋಟಾರು ಕಾದು ಸುಟ್ಟುಹೋಗುತ್ತದೆ. ಆದಕಾರಣ ಕೆಲಸವಾದೊಡನೆ ಒಣಗಿದ ಬ್ರಷ್ಷಿನಿಂದ ಕಿಂಡಿಗಳನ್ನೂ, ಬಿಟ್ಟನ್ನು ಹಿಡಿಯುವ ಚಕ್ಕಿನ ಬಾಯನ್ನೂ ಶುಚಿಮಾಡಿ, ಬಟ್ಟೆ ಸುತ್ತಿ ಒಣಗಿದ ಜಾಗದಲ್ಲಿಡಬೇಕು. ಹೊಲಿಗೆಯ ಯಂತ್ರದ ಅಭ್ಯಾಸದಿಂದ ಕಿಂಡಿಗಳಿಗೆ ಎಣ್ಣೆ ಬಿಡಬಾರದು. ಎಣ್ಣೆಯು ಧೂಳನ್ನು ಹಿಡಿದಿಟ್ಟು ಕೆಡುಕನ್ನೇ ಮಾಡುವುದು. ಎಣ್ಣೆಯ ತೆಳುವಾದ ಲೇಪವು ಬೇಕಾದುದು ಬಿಟ್ಟುಗಳಿಗೆ, ತುಕ್ಕು ಹಿಡಿಯದಿರಲೆಂದು.

ಬಿಟ್ಟಿನ ಆಯ್ಕೆಯೂ ಜೋಪಾನದ ಭಾಗವೇ. ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ತುಂಡುಳ್ಳದ್ದು ಗೋಡೆಗೆ. ಕಬ್ಬಿಣಕ್ಕೂ ಮರಕ್ಕೂ ಬೇರೆ ಬೇರೆ. ಬಡಿದು ಕೊರೆಯುವ ಗುಂಡಿಯನ್ನು ಇಟ್ಟಿಗೆ, ಕಲ್ಲು, ಕಾಂಕ್ರೀಟಿಗೆ ಮಾತ್ರ ತಿರುಗಿಸಬೇಕು. ಮೊಂಡಾದ ಬಿಟ್ಟನ್ನು ಬಲದಿಂದ ಒತ್ತಿದರೆ ಯಂತ್ರವು ನಲುಗುತ್ತದೆ. ಯಂತ್ರವು ಬಿಸಿಯೇರಿದರೆ ಬಿಟ್ಟನ್ನು ಗೋಡೆಯಿಂದ ಹೊರತೆಗೆದು ಒಂದೆರಡು ನಿಮಿಷ ಬರಿದೇ ಓಡಿಸಿದಲ್ಲಿ ಅದು ತಂಪಾಗುವುದು. ಕಿಂಡಿಯೊಳಗೆ ಕಿಡಿಗಳು ಹೆಚ್ಚಾಗಿ, ಓಟವು ತಡೆತಡೆದು ಬಂದರೆ, ಬಹುಮಟ್ಟಿಗೆ ಒಳಗಿರುವ ಕಾರ್ಬನ್ ಬ್ರಷ್ಷುಗಳು ಸವೆದಿರುತ್ತವೆ. ತಿರುಗುವ ಮೋಟಾರಿಗೆ ವಿದ್ಯುತ್ತನ್ನು ಮುಟ್ಟಿಸುವ ಈ ಎರಡು ಇದ್ದಿಲ ತುಂಡುಗಳು ಸವೆಯುವುದಕ್ಕೆಂದೇ ಇರುವಂಥವು. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕೆಲವು ಯಂತ್ರಗಳಲ್ಲಿ ಹೊರಗಿನ ಮುಚ್ಚಳವನ್ನು ತಿರುಪಿ ತೆಗೆದರೆ ಸಾಕು. ಉಳಿದವನ್ನು ಅಂಗಡಿಗೆ ಒಯ್ಯಬಹುದು. ಅಂಗಡಿಗೆ ಒಯ್ಯುವವಳಿಗೂ ಕೆಟ್ಟಿರುವುದು ಏನೆಂದು ತಿಳಿದಿದ್ದರೆ, ಮೋಟಾರೇ ಸುಟ್ಟಿತೆಂದು ಹೇಳಿ ಯಾರೂ ಅವಳಿಂದ ಹೆಚ್ಚಿನ ಹಣವನ್ನು ಕೀಳಲಾರರು. ಈ ಲಾಭವೇನು ಸಣ್ಣದೇ?

ಅಪಾಯದ ಮಾತನ್ನು ನಾವು ಹಗುರವಾಗಿ ಕಾಣುವವರಲ್ಲ. ಜಡೆಯನ್ನು ಮೇಲೆತ್ತಿ ಕಟ್ಟಿ, ಸೆರಗನ್ನಾಗಲಿ ದುಪಟ್ಟಾವನ್ನಾಗಲಿ ಸೊಂಟಕ್ಕೆ ಬಿಗಿದು, ಬಳೆಗಳನ್ನೂ ಉಂಗುರವನ್ನೂ ತೆಗೆದು, ಕಣ್ಣಿಗೆ ಕನ್ನಡಕವನ್ನು ಹಾಕಿದ ಮೇಲೆಯೇ ಯಂತ್ರವನ್ನು ಮುಟ್ಟತಕ್ಕದ್ದು. ಗೋಡೆಯೊಳಗೆ ಎಲ್ಲಿ ತಂತಿಯು ಹಾದಿದೆಯೆಂಬುದನ್ನು ಮೊದಲೇ ವಿಚಾರಿಸಬೇಕು. ತಂತಿಯ ಹೊದಿಕೆಯು ಬಿರಿದಿದ್ದರೆ ಟೇಪು ಸುತ್ತಿ ನಡೆಯಿಸದೆ ತಂತಿಯನ್ನೇ ಬದಲಿಸಬೇಕು. ಮನೆಯ ಫಲಕದಲ್ಲಿ 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚೊಂದಿದ್ದರೆ ಎಲ್ಲರ ಪ್ರಾಣಕ್ಕೂ ಅದು ಕಾವಲು.

ಧೂಳಿನ ವಿಷಯದಲ್ಲಿಯಂತೂ ನಮ್ಮ ಊರಿಗೆ ಬೇರೆಯವರು ಬುದ್ಧಿ ಹೇಳಬೇಕಾಗಿಲ್ಲ. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ನೆಲೆಸಿ ತರುವ ಸಿಲಿಕೋಸಿಸ್ ಎಂಬ ರೋಗವು ಗಣಿಯ ಕೆಲಸಗಾರರನ್ನು ಹೇಗೆ ಬಾಧಿಸಿತೆಂಬುದನ್ನು ಲೈನುಗಳ ಮನೆಗಳು ಮರೆತಿಲ್ಲ. ಆ ಧೂಳನ್ನು ಅಡಗಿಸಲು ಗಣಿಯಲ್ಲಿ ಬೈರಿಗೆಯ ಸಲಾಕೆಯ ಮೂಲಕ ನೀರನ್ನು ಹಾಯಿಸುವ ಕ್ರಮವು ಬಂದಿತು. ಆದರೆ ಅದು ಗಾಳಿಯಿಂದ ನಡೆಯುವ ಬೈರಿಗೆ. ಮನೆಯದು ವಿದ್ಯುತ್ತಿನದಾದುದರಿಂದ ಅದರ ಬಳಿಗೆ ನೀರನ್ನು ತರಲೇಕೂಡದು. ಮೂಗುಬಾಯಿಗಳ ಮೇಲೆ ಬಿಗಿಯಾಗಿ ಕೂರುವ ಮುಖಕವಚವನ್ನು ಧರಿಸಿ, ಕಿಟಕಿಯನ್ನು ತೆರೆದು, ಕೆಲಸವಾದ ಮೇಲೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಂಡಸರು ಕೊರೆದುಹೋದ ಮೇಲೆ ಪೊರಕೆ ಹಿಡಿದು ಆ ಧೂಳನ್ನು ಕುಡಿಯುವವಳು ಮನೆಯ ಹೆಣ್ಣುಮಗಳೇ ಅಲ್ಲವೇ? ಯಂತ್ರದಿಂದ ದೂರ ನಿಲ್ಲಿಸಿದ ಮಾತ್ರಕ್ಕೆ ಅವಳನ್ನು ಕಾಪಾಡಿದೆವೆಂದು ತಿಳಿಯುವುದು ಭ್ರಮೆ. ಅವಳನ್ನು ಕಾಪಾಡತಕ್ಕದ್ದು ತಿಳಿವಳಿಕೆ.

ನಮ್ಮಲ್ಲಿ ಕಲಿತ ಹುಡುಗಿಯರಲ್ಲಿ ಅನೇಕರು ಮಾರಿಕುಪ್ಪದಿಂದಲೂ ಬಂಗಾರಪೇಟೆಯಿಂದಲೂ ಮುಂಜಾನೆಯ ರೈಲನ್ನೇರಿ ಬೆಂಗಳೂರಿಗೆ ದುಡಿಯಹೋಗುತ್ತಾರೆ. ಕೆಲವರು ಅಲ್ಲಿಯೇ ಬಾಡಿಗೆಯ ಕೋಣೆಗಳಲ್ಲಿ ವಾಸಿಸುತ್ತಾರೆ. ಒಂದು ಪರದೆಯನ್ನು ತೂಗಹಾಕಲು, ಕಳಚಿದ ಬಾಗಿಲ ಅಗುಳಿಯನ್ನು ಭದ್ರಪಡಿಸಲು, ಅವರು ಅಪರಿಚಿತನನ್ನು ಒಳಕ್ಕೆ ಕರೆಯಬೇಕಾಗಿದೆ, ಇಲ್ಲವೆ ಭಾನುವಾರ ಅಣ್ಣನು ಬರುವವರೆಗೆ ಕಾಯಬೇಕಾಗಿದೆ. ಅಗುಳಿಯಿಲ್ಲದ ಬಾಗಿಲು ಭಾನುವಾರದವರೆಗೆ ಕಾಯುವಂಥದೇ?

ಆದುದರಿಂದ ಪಾಲಕರಲ್ಲಿ ನಮ್ಮ ಪ್ರಾರ್ಥನೆಯಿಷ್ಟು: ಮುಂದಿನ ಸಲ ಮನೆಯ ಬೈರಿಗೆಯನ್ನು ಪೆಟ್ಟಿಗೆಯಿಂದ ತೆಗೆದಾಗ ಮಗನನ್ನೂ ಮಗಳನ್ನೂ ಒಟ್ಟಿಗೆ ಬಳಿಯಲ್ಲಿ ಕೂರಿಸಿಕೊಳ್ಳಿರಿ. ಒಬ್ಬರು ಕೊರೆದರೆ ಮತ್ತೊಬ್ಬರು ಶುಚಿಮಾಡಲಿ. ಮರುದಿನ ಕೆಲಸಗಳನ್ನು ಅದಲುಬದಲು ಮಾಡಿರಿ. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಕೈಗಾರಿಕಾ ತರಬೇತಿ ಪಡೆದವರೂ ಕಾರ್ಖಾನೆಗಳಲ್ಲಿ ದುಡಿಯುವವರೂ ಇದ್ದರೆ, ಅವರು ತಿಂಗಳಿಗೊಂದು ಶನಿವಾರ ಶಾಲೆಗೆ ಬಂದು ಒಂಬತ್ತು ಹತ್ತನೆಯ ತರಗತಿಯವರಿಗೆ ಈ ಪಾಠವನ್ನು ಹೇಳಿಕೊಡಲಿ. ಹೊಲಿಗೆಯ ಯಂತ್ರಗಳಿರುವ ಕೋಣೆಯಲ್ಲಿಯೇ ಅದಕ್ಕೆ ಒಂದು ಮೇಜನ್ನು ತೆರವುಮಾಡಿಕೊಡಲು ನಾವು ಸಿದ್ಧರಿದ್ದೇವೆ.