ಸಂಬಳಕ್ಕೊಂದು ಬೇಲಿ ಬೇಕು

ನಮ್ಮ ಕನ್ನಡ ಕೂಟದ ತಿಂಗಳ ಸಭೆಗೆ ತಪ್ಪದೆ ಬರುತ್ತಿದ್ದ ಯುವಕನೊಬ್ಬ ಮೂರು ತಿಂಗಳು ಕಾಣಿಸಲಿಲ್ಲ. ವಿಜಯಪುರದ ಕಡೆಯವನು, ಪುಣೆಯ ಹೊರವಲಯದ ಕಾರ್ಖಾನೆಯೊಂದರಲ್ಲಿ ಕೆಲಸ, ಕೈಗೆ ಬರುವ ಸಂಬಳ 31,000 ರೂಪಾಯಿ. ಸಭೆಗೆ ಮೊದಲು ಕುರ್ಚಿ ಹಾಕುವವನೂ ಮುಗಿದ ಮೇಲೆ ಎತ್ತಿಡುವವನೂ ಅವನೇ. ಅವನ ಸುದ್ದಿ ನಮಗೆ ತಿಳಿದದ್ದು ಅವನಿಂದಲ್ಲ, ರಾತ್ರಿ ಒಂಬತ್ತೂವರೆಗೆ ಬಂದ ಅಪರಿಚಿತ ಕರೆಯೊಂದರಿಂದ. ಆತನ ಸಾಲಕ್ಕೆ ನಾವು ಜವಾಬ್ದಾರರೆಂದೂ ನಮ್ಮ ಹೆಸರು ಅವನ ಮೊಬೈಲಿನಲ್ಲಿ ಇದೆಯೆಂದೂ ಆ ದನಿ ಹೇಳಿತು. ಉಳಿದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ಅವನ ಕೋಣೆಗೆ ಹೋದೆವು. ಕಥೆ ಸರಳವಾಗಿತ್ತು. ಊರಿನಲ್ಲಿ ತಂದೆಗೆ ಆಸ್ಪತ್ರೆ. ತಿಂಗಳ ಇಪ್ಪತ್ತನೆಯ ತಾರೀಖು. ಮೊಬೈಲಿನಲ್ಲಿ ಐದು ನಿಮಿಷದ ಸಾಲ. ಮೊದಲನೆಯದನ್ನು ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಐದು ತಿಂಗಳಲ್ಲಿ ನಾಲ್ಕು ಆಪ್‌ಗಳು. ಸಂಬಳ ಬಂದ ದಿನ ಬೆಳಗಾಗುವುದರೊಳಗೆ ನಾಲ್ಕೂ ಕಡೆಯಿಂದ ಒಟ್ಟು 24,300 ರೂಪಾಯಿ ಖಾತೆಯಿಂದ ತಾನಾಗಿಯೇ ಹೋಗುತ್ತಿತ್ತು. ಉಳಿಯುತ್ತಿದ್ದುದು 6,700. ಕೋಣೆಯ ಬಾಡಿಗೆಯೇ 7,500. ಮತ್ತೆ ಸಾಲ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ಆ ಮೊದಲ ಸಾಲಕ್ಕಿಂತ ಎರಡು ದಿನ ಮುಂಚೆ ಅವನು ನಮ್ಮ ಬಳಿ 8,000 ರೂಪಾಯಿ ಕೇಳಿದ್ದ. ನಾವು ಕೊಟ್ಟದ್ದು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು. ಹಾಸಿಗೆಯೇ ಇಲ್ಲದವನಿಗೆ ಕಾಲಿನ ಉಪದೇಶ ಮಾಡಿದ್ದೆವೆಂಬುದು ನಮಗೆ ಹೊಳೆದದ್ದು ಆ ಕೋಣೆಯಲ್ಲಿ ಕುಳಿತಾಗ. ಈ ಲೇಖನಕ್ಕೆ ಅದೇ ಕಾರಣ.

ಮೊದಲು ಈ ಸಾಲದ ನಿಜವಾದ ಬೆಲೆ ತಿಳಿಯಬೇಕು. 10,000 ರೂಪಾಯಿಗೆ ಅರ್ಜಿ ಹಾಕಿದವನ ಸಾಲದಲ್ಲಿ 1,000 ರೂಪಾಯಿ ಸಂಸ್ಕರಣಾ ಶುಲ್ಕ, ಅದರ ಮೇಲೆ 180 ರೂಪಾಯಿ ಜಿಎಸ್‌ಟಿ ಮೊದಲೇ ಮುರಿದುಕೊಂಡರೆ ಕೈಗೆ ಸಿಗುವುದು 8,820. ದಿನಕ್ಕೆ ನೂರಕ್ಕೆ ಮೂವತ್ತು ಪೈಸೆ ಬಡ್ಡಿ ಎಂದರೆ ಕೇಳಲು ಅಲ್ಪ. ಮೂವತ್ತು ದಿನ ಕಳೆದಾಗ ಕಟ್ಟಬೇಕಾದದ್ದು 10,900. ಎಂದರೆ 8,820 ರೂಪಾಯಿಯನ್ನು ಒಂದು ತಿಂಗಳು ಬಳಸಿದ್ದಕ್ಕೆ ತೆತ್ತದ್ದು 2,080 ರೂಪಾಯಿ. ವರ್ಷದ ಲೆಕ್ಕಕ್ಕೆ ತಂದರೆ ಇದು ಶೇಕಡ 280ನ್ನು ಮೀರುತ್ತದೆ. ಹಳೆಯ ಸಾಹುಕಾರ ಕೂಡ ಈ ದರ ಹೇಳುವ ಮೊದಲು ಒಮ್ಮೆ ಕೆಮ್ಮುತ್ತಿದ್ದ.

ಆದರೆ ನಮ್ಮ ವಾದ ಬಡ್ಡಿಯ ಕುರಿತಲ್ಲ, ಸಂಬಳದ ಕುರಿತು. ನಾವು ಕೇಂದ್ರ ಸರ್ಕಾರದ ಕಚೇರಿಯಲ್ಲಿ ವೇತನ ಬಿಲ್ಲುಗಳ ನಡುವೆ ವರ್ಷಗಳನ್ನು ಕಳೆದವರು. ನೌಕರನ ಸಂಬಳ ಜಪ್ತಿ ಮಾಡಬೇಕೆಂದು ನ್ಯಾಯಾಲಯದಿಂದ ಆದೇಶ ಬಂದಾಗ ಲೆಕ್ಕದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ತೆರೆದು ನೋಡುತ್ತಾರೆ. 1908ರ ಆ ಕಾನೂನು ಹೇಳುವುದಿಷ್ಟು: ಜೀವನಾಂಶದ ಡಿಕ್ರಿಯ ಹೊರತು ಬೇರಾವ ಡಿಕ್ರಿಗಾದರೂ ಸಂಬಳದ ಮೊದಲ 1,000 ರೂಪಾಯಿಯನ್ನೂ, ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ನಮ್ಮ ಹುಡುಗನ 31,000ಕ್ಕೆ ಈ ಸೂತ್ರ ಹಚ್ಚಿದರೆ 21,000 ರೂಪಾಯಿ ಅವನ ಮನೆಗೇ ಸೇರಬೇಕು. ಸಾಲಿಗನಿಗೆ ಹೆಚ್ಚೆಂದರೆ 10,000. ಅದೂ ದಾವೆ ಹೂಡಿ, ವಾದ ನಡೆದು, ಡಿಕ್ರಿ ಆದ ಮೇಲೆ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಪ್ತಿ ನಡೆದರೆ ಆ ಭಾಗಕ್ಕೆ ಅಲ್ಲಿಗೇ ಮುಕ್ತಿ. ಭವಿಷ್ಯ ನಿಧಿಗೂ ಜಪ್ತಿಯಿಂದ ರಕ್ಷಣೆಯುಂಟು. ಸಾಲ ತೀರಿಸಲು ಕೈಯಲ್ಲಿ ನಿಜವಾಗಿ ಏನೂ ಇಲ್ಲದವನನ್ನು ಬಡತನದ ಕಾರಣಕ್ಕೇ ಸೆರೆಗೆ ತಳ್ಳುವಂತಿಲ್ಲ ಎಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು.

ಎಂದರೆ ಸಂಬಳದ ಸುತ್ತ ಕಾನೂನು ಒಂದು ಬೇಲಿ ಕಟ್ಟಿದೆ. ಸಾಲ ಕೊಟ್ಟವನಿಗೆ ಹಕ್ಕುಂಟು, ಆದರೆ ದುಡಿದವನ ಒಲೆ ಆರಬಾರದು ಎಂಬುದು ಅದರ ತಾತ್ಪರ್ಯ. ಆಂಗ್ಲ ಸಾಹಿತ್ಯ ಓದಿದ ನಮಗೆ ಇಲ್ಲಿ ಡಿಕನ್ಸ್ ನೆನಪಾಗುತ್ತಾನೆ. 1824ರಲ್ಲಿ ಅವನ ತಂದೆಯನ್ನು ಸಾಲಕ್ಕಾಗಿ ಲಂಡನ್ನಿನ ಮಾರ್ಶಲ್‌ಸೀ ಸೆರೆಮನೆಗೆ ಹಾಕಿದರು. ಹನ್ನೆರಡರ ಹುಡುಗ ಬೂಟುಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿದ. ಅಂಥ ಸೆರೆಮನೆಗಳಿಂದ 60ನೆಯ ಕಲಮಿನವರೆಗೆ ಬರಲು ಲೋಕಕ್ಕೆ ಬಹಳ ಕಾಲ ಹಿಡಿಯಿತು.

ಆದರೆ ಈ ಬೇಲಿಯ ಬಾಗಿಲನ್ನು ಇಂದು ನಾವೇ, ಒಳಗಿನಿಂದ, ಒಂದು ಒಟಿಪಿ ಒತ್ತಿ ತೆರೆದುಕೊಡುತ್ತಿದ್ದೇವೆ. ಸಾಲ ಪಡೆಯುವಾಗ ಒಪ್ಪುವ ಇ-ಮ್ಯಾಂಡೇಟ್ ಎಂದರೆ ನಮ್ಮ ಖಾತೆಯಿಂದ ಹಣ ಎಳೆದುಕೊಳ್ಳಲು ಸಾಲಿಗನಿಗೆ ನಾವು ಕೊಟ್ಟ ಮುಂಗಡ ಅಪ್ಪಣೆ. ಅದಕ್ಕೆ ದಾವೆ ಬೇಡ, ಡಿಕ್ರಿ ಬೇಡ, ಮೂರರಲ್ಲೊಂದರ ಮಿತಿಯೂ ಇಲ್ಲ. ನ್ಯಾಯಾಧೀಶರು ಮುಟ್ಟಲಾರದ 21,000ದಲ್ಲಿ 14,300ನ್ನು ಒಂದು ತಂತ್ರಾಂಶ ಮುಂಜಾವಿನಲ್ಲಿ ಸದ್ದಿಲ್ಲದೆ ಒಯ್ಯಿತು. ಕಾನೂನನ್ನು ಯಾರೂ ಮುರಿಯಲಿಲ್ಲ. ಅದನ್ನು ಕೇಳುವ ಪ್ರಸಂಗವೇ ಬರಲಿಲ್ಲ.

ಈಗ ಮಾಡಬೇಕಾದದ್ದೇನು? ಸಾಲ ಮುಳುಗಿಸಿರೆಂದು ನಾವು ಹೇಳುವುದಿಲ್ಲ. ಪಡೆದದ್ದನ್ನು ತೀರಿಸಬೇಕು. ಆದರೆ ತೀರಿಸುವವನು ಬದುಕಿದ್ದರೆ, ದುಡಿಯುತ್ತಿದ್ದರೆ ಮಾತ್ರ ಸಾಲ ತೀರುತ್ತದೆ. ಆ ಕೋಣೆಯಲ್ಲಿ ಕುಳಿತು ನಾವು ಮೊದಲು ಮಾಡಿದ್ದು ಒಂದು ಹಾಳೆಯಲ್ಲಿ ನಾಲ್ಕೂ ಸಾಲಗಳನ್ನು ಬರೆದದ್ದು: ಕೊಟ್ಟವರು ಯಾರು, ಕೈಗೆ ಬಂದದ್ದೆಷ್ಟು, ಕಟ್ಟಿದ್ದೆಷ್ಟು, ಬಾಕಿ ಎಷ್ಟು, ಎಳೆಯುವ ತಾರೀಖು ಯಾವುದು. ಪಕ್ಕದಲ್ಲಿ ಬಾಡಿಗೆ, ದಿನಸಿ, ತಂದೆಯ ಔಷಧಿ, ಕೆಲಸಕ್ಕೆ ಹೋಗಿಬರುವ ಖರ್ಚು. ಈ ಎರಡನೆಯ ಪಟ್ಟಿಯನ್ನು ಮೊದಲು ಕಳೆದು, ಉಳಿದದ್ದೇ ಸಾಲಗಾರರ ಪಾಲು ಎಂದು ನಿಶ್ಚಯಿಸಿದೆವು. ಐದನೆಯ ಸಾಲ ಕೂಡದು ಎಂಬುದು ಮೊದಲ ನಿಯಮ.

ಎರಡನೆಯದಾಗಿ, ಸಾಲ ಕೊಟ್ಟ ಪ್ರತಿಯೊಂದು ಸಂಸ್ಥೆಗೂ ಲಿಖಿತವಾಗಿ ತಿಳಿಸಿದೆವು: ಸಾಲ ಒಪ್ಪಿದ್ದೇನೆ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಕಂತು ಮರುನಿಗದಿ ಮಾಡಿಕೊಡಿ, ಸಾಲದ ಲೆಕ್ಕಪಟ್ಟಿ ಕಳಿಸಿ. ಮ್ಯಾಂಡೇಟ್ ಹಿಂತೆಗೆದುಕೊಳ್ಳಲು ಬ್ಯಾಂಕಿಗೆ ಅರ್ಜಿ ಕೊಡಬಹುದು. ಆದರೆ ಅದರಿಂದ ಸಾಲ ಕರಗುವುದಿಲ್ಲ ಎಂಬುದನ್ನು ಮರೆಯಬಾರದು. ಏನೂ ತಿಳಿಸದೆ ಖಾತೆ ಬರಿದು ಮಾಡಿ ಕಂತು ತಪ್ಪಿಸಿದರೆ ಬ್ಯಾಂಕಿನ ಶುಲ್ಕವಷ್ಟೇ ಅಲ್ಲ, 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೆಯ ಕಲಮಿನ ಕೆಳಗೆ ಮೊಕದ್ದಮೆಯ ಭಯವೂ ಉಂಟು. ಆದ್ದರಿಂದ ಪತ್ರ ಮೊದಲು, ಒಪ್ಪಂದ ಆಮೇಲೆ, ಮ್ಯಾಂಡೇಟಿನ ಮಾತು ಕೊನೆಗೆ. ಸಂಬಳದ ಖಾತೆ ಮತ್ತು ಸಾಲ ಒಂದೇ ಬ್ಯಾಂಕಿನಲ್ಲಿದ್ದರೆ ಬ್ಯಾಂಕು ಬಾಕಿಗೆ ವಜಾ ಹಾಕಿಕೊಳ್ಳುವ ಹಕ್ಕು ಚಲಾಯಿಸಬಹುದೆಂಬುದೂ ತಿಳಿದಿರಲಿ.

ಮೂರನೆಯದು, ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ಬದಲಿಸುವುದು. ನೌಕರರ ಸಹಕಾರಿ ಪತ್ತಿನ ಸಂಘ, ಭವಿಷ್ಯ ನಿಧಿಯಿಂದ ಕಾಯಿಲೆಗೆಂದು ಪಡೆಯಬಹುದಾದ ಮುಂಗಡ, ಕಡೆಗೆ ಬ್ಯಾಂಕಿನಲ್ಲಿ ಚಿನ್ನದ ಅಡವು; ಇವಾವುವೂ ಸುಖದ ದಾರಿಗಳಲ್ಲ, ಆದರೆ ಶೇಕಡ 280ರ ಮುಂದೆ ಇವು ನೆರಳು.

ಕಿರುಕುಳದ ವಿಷಯದಲ್ಲಿ ಸಾಲಗಾರನಿಗೆ ತನ್ನ ಹಕ್ಕು ತಿಳಿದಿಲ್ಲದಿರುವುದೇ ವಸೂಲಿಗಾರನ ಬಂಡವಾಳ. ರಿಸರ್ವ್ ಬ್ಯಾಂಕಿನ ಆದೇಶಗಳ ಪ್ರಕಾರ ವಸೂಲಿಗಾಗಿ ಬೆಳಗಿನ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮಾನಹಾನಿ, ಬೆದರಿಕೆ ಕೂಡದು. ಸಾಲದ ಆಪ್ ಮೊಬೈಲಿನ ಸಂಪರ್ಕಪಟ್ಟಿಗೆ ಕೈ ಹಾಕುವಂತಿಲ್ಲ. ಸಾಲದ ವಾರ್ಷಿಕ ನಿಜದರ ಹೇಳುವ ಮುಖ್ಯಾಂಶ ಪತ್ರವನ್ನು ಮೊದಲೇ ಕೊಡಬೇಕು. ಸಾಲ ಬೇಡವೆನಿಸಿದರೆ ಕನಿಷ್ಠ ಒಂದು ದಿನದೊಳಗೆ ಅಸಲನ್ನೂ ಅಷ್ಟು ದಿನದ ವೆಚ್ಚವನ್ನೂ ಹಿಂತಿರುಗಿಸಿ ಹೊರಬರುವ ಅವಕಾಶವಿರಬೇಕು. 2023ರ ಸುತ್ತೋಲೆಯಂತೆ ದಂಡದ ಮೊತ್ತವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹೇರುವಂತಿಲ್ಲ. ಸಂಸ್ಥೆ ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ನೋಂದಾಯಿತ ಸಂಸ್ಥೆಗಳ ಆಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2025ರ ಜುಲೈಯಿಂದ ತನ್ನ ಜಾಲತಾಣದಲ್ಲಿ ಇಟ್ಟಿದೆ. ನಮ್ಮ ಹುಡುಗನ ನಾಲ್ಕರಲ್ಲಿ ಒಂದು ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ರಾತ್ರಿ ಕರೆ ಬಂದದ್ದು ಅಲ್ಲಿಂದಲೇ. ಆ ದೂರು ಪೊಲೀಸರಿಗೆ ಹೋಯಿತು.

ಇಷ್ಟು ಹಕ್ಕುಗಳಿದ್ದೂ ಜನ ಬಾಯಿ ಬಿಡುವುದಿಲ್ಲ. ಅದಕ್ಕೆ ಕಾರಣ ನಾಚಿಕೆ. ಪರಊರಿನಲ್ಲಿರುವ ನಮ್ಮವರಿಗೆ ಊರಿಗೆ ಗೊತ್ತಾದರೆ ಎಂಬ ಅಂಜಿಕೆ ದುಪ್ಪಟ್ಟು. ಸರ್ಕಾರಿ ನೌಕರನಿಗೆ ಇನ್ನೊಂದು ಭಯ: 1964ರ ನಡತೆ ನಿಯಮಗಳ 17ನೆಯ ನಿಯಮ ಅವನು ಸದಾ ಸಾಲದಲ್ಲಿ ಮುಳುಗಿರಬಾರದೆನ್ನುತ್ತದೆ, ಸಾಲದ ದಾವೆ ಬಿದ್ದರೆ ಸರ್ಕಾರಕ್ಕೆ ತಾನೇ ತಿಳಿಸಬೇಕು. ಈ ಭಯದಲ್ಲಿ ಮುಚ್ಚಿಟ್ಟ ಸಾಲ ಬೆಳೆದು ಮರವಾದದ್ದನ್ನು ನಾವು ನಮ್ಮ ಕಚೇರಿಯಲ್ಲೇ ಕಂಡಿದ್ದೇವೆ. ಮುಚ್ಚಿಡುವುದಕ್ಕಿಂತ ಹೇಳಿಕೊಳ್ಳುವುದೇ ಆ ನಿಯಮದ ಇಂಗಿತ.

ಬ್ಯಾಂಕು ಬಾಗಿಲು ಮುಚ್ಚಿದವರಿಗೆ ಈ ಆಪ್‌ಗಳೇ ಗತಿ, ಸ್ವಯಂಚಾಲಿತ ವಸೂಲಿ ಇಲ್ಲದಿದ್ದರೆ ಅವರಿಗೆ ಯಾರೂ ಸಾಲ ಕೊಡಲಾರರು ಎಂಬ ವಾದವುಂಟು. ಅದರಲ್ಲಿ ಹುರುಳಿಲ್ಲವೆನ್ನಲಾರೆವು, ನಮ್ಮ ಹುಡುಗನಿಗೆ ಆ ರಾತ್ರಿ ಕೊಟ್ಟದ್ದು ಆಪ್, ನಾವಲ್ಲ. ಆದರೆ ಮೂರರಲ್ಲೊಂದು ಪಾಲಿನ ಮಿತಿಯೊಳಗೆ ವಸೂಲಿ ಮಾಡಲಾಗದ ಸಾಲವನ್ನು ಕೊಡುವಾಗಲೇ ಯೋಚಿಸಬೇಕಾಗಿತ್ತು. ಆದ್ದರಿಂದ ನಮ್ಮ ಬೇಡಿಕೆ ಇದು: ಸಂಬಳದ ಖಾತೆಯೆಂದು ಗುರುತಾದ ಖಾತೆಯಿಂದ ಒಂದು ತಿಂಗಳಲ್ಲಿ ಎಲ್ಲ ಮ್ಯಾಂಡೇಟ್‌ಗಳೂ ಕೂಡಿ ಎಳೆಯಬಹುದಾದ ಹಣಕ್ಕೆ 60ನೆಯ ಕಲಮಿನಂಥದೇ ಮಿತಿ ಇರಲಿ. ಆ ಕಲಮಿನ 1,000 ರೂಪಾಯಿಯೂ 1999ರ ತಿದ್ದುಪಡಿಯದು. ಇಂದಿನ ದಿನಸಿ ಅಂಗಡಿಗೆ ಹೋಗಿಬಂದವರು ಅದನ್ನು ಪರಿಷ್ಕರಿಸಲಿ.

ನಾವಿರುವ ಈ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ 1875ರ ಮೇ ತಿಂಗಳಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಆ ಗಲಭೆಯ ಫಲವಾಗಿ 1879ರಲ್ಲಿ ಬಂದ ದಖ್ಖನ್ ರೈತರ ಪರಿಹಾರ ಕಾಯಿದೆ, ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ವ್ಯವಹಾರದ ಮೂಲವನ್ನು ಕೆದಕಿ ನೋಡಲು ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿತು. ಇಂದಿನ ಸಾಲಪತ್ರವನ್ನು ಸುಡಲಾಗದು. ಅದು ಯಾವ ಪೆಟ್ಟಿಗೆಯಲ್ಲೂ ಇಲ್ಲ. ಆ ಗಲಭೆಯಾದ ಮೂವತ್ತು ವರ್ಷಕ್ಕೆ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸುಪೆಯವರು ಹಳೆಯ ಲೆಕ್ಕ ಸುಟ್ಟರು. ಕಣಗಿನಹಾಳದವರು ಹೊಸ ಲೆಕ್ಕ ಬರೆದರು.

ಮುಂದಿನ ಸಭೆಯಲ್ಲಿ ಪುಸ್ತಕ ವಿಮರ್ಶೆಗೆ ಮೊದಲು ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಡಬೇಕೆಂದು ಕೂಟದ ಕಾರ್ಯದರ್ಶಿಗಳನ್ನು ಕೋರಿದ್ದೇವೆ. ನಮ್ಮಲ್ಲಿ ನೌಕರರ ಸಂಘಗಳ ಸದಸ್ಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಇಬ್ಬರು ವಕೀಲರಿದ್ದಾರೆ. ಇಪ್ಪತ್ತನೆಯ ತಾರೀಖಿನಂದು ಯಾರಾದರೂ ಎಂಟು ಸಾವಿರ ಕೇಳಿದರೆ, ಹಣ ಕೊಡಲಾಗದಿದ್ದರೂ, ಗಾದೆಗಿಂತ ಉಪಯುಕ್ತವಾದ ಏನನ್ನಾದರೂ ಕೊಡಬಲ್ಲವರು ಇಷ್ಟು ಜನ. ಹುಡುಗನ ಎರಡು ಸಾಲ ತೀರಿವೆ, ಒಂದರ ಕಂತು ಮರುನಿಗದಿಯಾಗಿದೆ. ಕಳೆದ ತಿಂಗಳು ಅವನು ಸಭೆಗೆ ಬಂದ. ಕುರ್ಚಿಗಳನ್ನು ಈ ಸಲ ನಾವೂ ಹಾಕಿದೆವು.